ಕಾರು, ಕಾರ್ಯ, ಕಾರಣ

ಪೂರ್ತಿ ಕೆಟ್ಟ ಕಾರು ಮರ್ಯಾದಸ್ಥ ಕಾರು. ಎಳೆದು ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದರೆ ಮಿಸ್ತ್ರಿಯ ಎದುರಿಗೂ ಅದು ಕೆಟ್ಟೇ ಇರುತ್ತದೆ. ಮನುಷ್ಯನ ಮಾನ ಕಳೆಯುವುದು ಆಗೊಮ್ಮೆ ಈಗೊಮ್ಮೆ ಕೆಡುವ ಕಾರು. ನನ್ನ ಹಳೇ ಮಾರುತಿ 800 ಈ ಜಾತಿಯದು. ಬೆಳಿಗ್ಗೆ ಮುಂಡಗೋಡದ ಗ್ಯಾರೇಜಿನಲ್ಲಿ ಚೋಕ್ ಎಳೆದು ಕೀಲಿ ತಿರುಗಿಸಿದರೆ ಒಂದೇ ಸೆಲ್ಫಿಗೆ ಚಾಲೂ. "ಗಾಡಿ ಕರೆಕ್ಟ್ ಐತಲ್ರಿ ಸರ," ಎಂದು ಮಿಸ್ತ್ರಿ ನನ್ನನ್ನೇ ಪರೀಕ್ಷಿಸುವಂತೆ ನೋಡುತ್ತಾನೆ. ಅದೇ ಕಾರು ಮಧ್ಯಾಹ್ನ ಹುಬ್ಬಳ್ಳಿಯಿಂದ ಬರುವಾಗ, ತಡಸ ದಾಟಿದ ಮೇಲೆ ಕೆಮ್ಮಿ, ಹಿಂದೊಂದು ಲಾರಿ ಇದೆಯೆಂದು ಖಾತ್ರಿ ಮಾಡಿಕೊಂಡು, ನಡುರಸ್ತೆಯಲ್ಲಿ ಬಂದ್ ಬೀಳುತ್ತದೆ.

ಕಾರಿಗೆ ಅದಕ್ಕಿಂತ ಇಷ್ಟವಾದ ಜಾಗವೆಂದರೆ ಟಿಬೆಟನ್ ಕಾಲೊನಿ. 1966ರಲ್ಲಿ ಕಾಡಂಚಿನ ಈ ನೆಲದಲ್ಲಿ ನಿರಾಶ್ರಿತರಿಗಾಗಿ ಆದ ವಸತಿಗೆ ಕಾಗದಪತ್ರದಲ್ಲಿ ದೋಗುಲಿಂಗ್ ಎಂದು ಹೆಸರು. ನಮ್ಮ ಬಾಯಲ್ಲಿ ಮಾತ್ರ ಇಂದಿಗೂ ಕಾಲೊನಿ. ಒಳಗೆ ಊರುಗಳಿಗೆ ಹೆಸರಿಗಿಂತ ನಂಬರು ಹೆಚ್ಚು: ಇಷ್ಟನೇ ಕ್ಯಾಂಪು, ಅಷ್ಟನೇ ಲಾಮಾ ಕ್ಯಾಂಪು. ಹುಬ್ಬಳ್ಳಿಯಿಂದ ಬರುವ ನೆಂಟರಿಗೆಲ್ಲ ಗೋಂಪಾ ತೋರಿಸಿ ಮೊಮೊ ತಿನ್ನಿಸುವ ಜವಾಬ್ದಾರಿ ನನ್ನದು. ಮೊಮೊ ತಿಂದು, ತುಕ್ಪಾ ಕುಡಿದು, ಕೈ ಒರೆಸಿಕೊಂಡು ಬರುವಷ್ಟರಲ್ಲಿ ಕಾರು ಸತ್ಯಾಗ್ರಹಕ್ಕೆ ಕೂತಿರುತ್ತದೆ. ಸೆಲ್ಫ್ ಹೊಡೆದರೆ ಎಂಜಿನ್ ಗಿರಗಿರ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ.

ಇದರಲ್ಲಿ ಮೊಮೊದ ಪಾಲೂ ಇದೆ. ಓಡುವ ಕಾರಿನ ಎಂಜಿನ್ನಿಗೆ ಗಾಳಿ ತಾಗುತ್ತಿರುತ್ತದೆ, ನೀರು ಸುತ್ತುತ್ತಿರುತ್ತದೆ. ನಿಲ್ಲಿಸಿದೊಡನೆ ಎರಡೂ ನಿಂತು, ಬಾನೆಟ್ಟಿನ ಕೆಳಗಿನ ಸೆಕೆ ಇಳಿಯುವ ಬದಲು ಸ್ವಲ್ಪ ಹೊತ್ತು ಏರುತ್ತದೆ. ಒಂದು ಪ್ಲೇಟ್ ಮೊಮೊ ತಿನ್ನಲು ಬೇಕಾಗುವ ಹೊತ್ತೇ ಅದಕ್ಕೂ ಬೇಕು.

ಬಾನೆಟ್ ಎತ್ತಿದ ಕಾರು ನಮ್ಮ ಕಡೆ ಬಹಿರಂಗ ಸಭೆ. ಮೊದಲು ಬರುವವನು ಕಚರಾ ಪಕ್ಷದವನು: "ಕಾರ್ಬೋರೇಟರ್‌ನ್ಯಾಗ ಕಚರಾ ಕುಂತೈತ್ರಿ, ಬಿಚ್ಚಿ ಊದಬೇಕು." ಎರಡನೆಯವರು ಪ್ರೀಮಿಯರ್ ಪದ್ಮಿನಿ ಕಾಲದ ನಿವೃತ್ತ ಡ್ರೈವರ್. ಕಾವಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಪಂಪಿಗೆ ಬರೀ ಹಬೆ ಸಿಗುತ್ತಿದೆ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಎಂಬುದು ಅವರ ಅಪ್ಪಣೆ. ಮೂರನೆಯವನು ಟ್ಯಾಂಕಿನ ಮುಚ್ಚಳ ತೆಗೆದು 'ಸುಸ್' ಎಂಬ ಸದ್ದಿಗೆ ಕಿವಿಗೊಡುತ್ತಾನೆ. ಗಾಳಿಕಂಡಿ ಕಟ್ಟಿಕೊಂಡರೆ ಟ್ಯಾಂಕಿನಲ್ಲಿ ನಿರ್ವಾತವಾಗಿ ಪೆಟ್ರೋಲು ಮುಂದೆ ಹರಿಯುವುದಿಲ್ಲವಂತೆ. ಪೇಪರ್ ಓದುವ ನಾಲ್ಕನೆಯವನು ಪೆಟ್ರೋಲಿಗೆ ಬೆರೆಸುವ ಶೇ. 20 ಎಥೆನಾಲನ್ನೂ ಸರ್ಕಾರವನ್ನೂ ಒಟ್ಟಿಗೇ ಬೈಯುತ್ತಾನೆ. ಮೊಮೊ ಅಂಗಡಿಯ ಅಮಾಲಾ (ಟಿಬೆಟನ್ನರ 'ಅಮ್ಮ') ಮಾತ್ರ ಏನೂ ಹೇಳದೆ ಇನ್ನೊಂದು ಚಹಾ ತಂದಿಡುತ್ತಾರೆ.

ಸೋಜಿಗವೆಂದರೆ ಇವರ್ಯಾರ ಔಷಧವೂ ಸೋತದ್ದಿಲ್ಲ. ಊದಿದರೂ ಚಾಲೂ, ಒದ್ದೆ ಬಟ್ಟೆಗೂ ಚಾಲೂ, ಮುಚ್ಚಳ ತೆಗೆದರೂ ಚಾಲೂ. ಒಮ್ಮೆ ನನ್ನ ಅತ್ತಿಗೆ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು, ಅದಕ್ಕೂ ಚಾಲೂ. ಹೀಗಾಗಿ ಕಾಲೊನಿಯಲ್ಲಿ ನನ್ನ ಕಾರಿನ ತಜ್ಞರ ಸಂಖ್ಯೆ ಬೆಳೆಯುತ್ತಲೇ ಹೋಯಿತು. ಕಾಯಿಲೆ ಮಾತ್ರ ಇದ್ದಲ್ಲೇ ಇತ್ತು.

ಗಂಟು ಬಿಚ್ಚಿದ್ದು ಗ್ಯಾರೇಜಿನಲ್ಲಲ್ಲ, ಡ್ರೆಪುಂಗ್ ಮಠದ ಬಾಗಿಲಲ್ಲಿ. 1416ರಲ್ಲಿ ಲ್ಹಾಸಾ ಬಳಿ ಹುಟ್ಟಿ ಇಲ್ಲಿಗೆ ಬಂದು ಮತ್ತೆ ಬೇರೂರಿದ ಈ ಮಠದ ಅಂಗಳದಲ್ಲಿ ಭಿಕ್ಷುಗಳು ವಾದ ಮಾಡುವುದನ್ನು ನೋಡಬೇಕು. ಉತ್ತರ ಕೊಡುವವನು ಕೂತಿರುತ್ತಾನೆ. ಪ್ರಶ್ನೆ ಕೇಳುವವನು ನಿಂತು, ಕಾಲು ಅಪ್ಪಳಿಸಿ, ಫಟ್ಟನೆ ಚಪ್ಪಾಳೆ ಹೊಡೆದು ಕೇಳುತ್ತಾನೆ. ಕೂತವನು ಭಾಷಣ ಬಿಗಿಯುವಂತಿಲ್ಲ. ಒಪ್ಪಿದೆ, ಏಕೆ, ಹೇತು ಸಿದ್ಧವಾಗಿಲ್ಲ, ವ್ಯಾಪ್ತಿ ಇಲ್ಲ: ಹೆಚ್ಚುಕಡಿಮೆ ಇಷ್ಟರಲ್ಲೇ ಮುಗಿಸಬೇಕು. ವ್ಯಾಪ್ತಿ ಎಂದರೆ ಹೇತುವಿಗೂ ತೀರ್ಮಾನಕ್ಕೂ ಇರಬೇಕಾದ ತಪ್ಪದ ನಂಟು. ಬೌದ್ಧ ತಾರ್ಕಿಕರಾದ ದಿಙ್ನಾಗ, ಧರ್ಮಕೀರ್ತಿಗಳ ತರ್ಕ ಭಾರತದಿಂದ ಹಿಮಾಲಯ ಹತ್ತಿ, ಸಾವಿರ ವರ್ಷ ಅಲ್ಲಿದ್ದು, ಮುಂಡಗೋಡಕ್ಕೆ ಇಳಿದಿದೆ. ಗೆಶೆ ಪದವಿಗೆ ಇಪ್ಪತ್ತು ವರ್ಷದ ಆಸುಪಾಸು ಓದಬೇಕು. ನನ್ನ ಕಾರಿನ ತಜ್ಞರಿಗೆ ಐದು ನಿಮಿಷ ಸಾಕಾಗಿತ್ತು.

ಒಂದು ದಿನ ಈ ಮಠದ ಬಾಗಿಲಲ್ಲೇ ಕಾರು ಹಟ ಹಿಡಿದು, ನಾವು ಒದ್ದೆ ಬಟ್ಟೆಯ ಮಹಿಮೆಯನ್ನು ವರ್ಣಿಸುತ್ತಿದ್ದಾಗ ಪಕ್ಕದಲ್ಲಿ ನಿಂತಿದ್ದ ನಡುವಯಸ್ಸಿನ ಭಿಕ್ಷುವೊಬ್ಬರು ಮುಂಡಗೋಡದ ಅಚ್ಚ ಕನ್ನಡದಲ್ಲಿ ಕೇಳಿದರು: "ಬಟ್ಟೆ ಹಾಕದಿದ್ರ ಚಾಲೂ ಆಗೂದಿಲ್ಲ ಅಂತ ನೋಡೀರೇನ್ರಿ?"

ಯಾರೂ ನೋಡಿರಲಿಲ್ಲ. ಬಾನೆಟ್ ಎತ್ತಿದ ಕಾರಿನ ಮುಂದೆ ಏನೂ ಮಾಡದೆ ನಿಲ್ಲುವುದು ಗಂಡಸರಿಗೆ ಸಾಧ್ಯವೇ? ಭಿಕ್ಷುವಿನ ಆಣತಿಯಂತೆ ಎಲ್ಲರೂ ಕೈಕಟ್ಟಿ ಕೂತೆವು. ಸ್ವಲ್ಪ ಹೊತ್ತಿಗೆ ಕಾರು ತಾನಾಗಿ ಚಾಲೂ ಆಯಿತು. ವಾಸಿ ಮಾಡುತ್ತಿದ್ದದ್ದು ಹೊತ್ತು. ಹೆಸರು ಹೊಡೆಯುತ್ತಿದ್ದದ್ದು ಬಟ್ಟೆ, ಮುಚ್ಚಳ, ನಿಂಬೆಹಣ್ಣು. ಅವರು ಮೆಲ್ಲಗೆ ಚಪ್ಪಾಳೆ ತಟ್ಟಿದರು: ವ್ಯಾಪ್ತಿ ಇಲ್ಲ.

ಮುಂದಿನ ಪಾಠ ಸರಳ. ರೋಗವನ್ನು ಅದು ಇರುವಾಗಲೇ ಪ್ರಶ್ನಿಸಬೇಕು, ಹೋದ ಮೇಲಲ್ಲ. ನಾವೇ ಮಿಸ್ತ್ರಿಯನ್ನು ಕೂರಿಸಿಕೊಂಡು ಬಿಸಿಲಲ್ಲಿ ಕಾರು ಓಡಿಸಿ ಕಾಯಿಸಿ, ಮಠದ ಎದುರು ನಿಲ್ಲಿಸಿ, ಮೊಮೊ ತಿಂದು ಬಂದೆವು. ಕಾರು ನಿಯಮ ತಪ್ಪಲಿಲ್ಲ, ಹತ್ತಲಿಲ್ಲ. ಮಿಸ್ತ್ರಿ ಏರ್ ಫಿಲ್ಟರ್ ಬಿಚ್ಚಿ ಆಕ್ಸಿಲರೇಟರ್ ತಂತಿ ಎಳೆದ. ಕಾರ್ಬೋರೇಟರಿನ ಬಾಯಲ್ಲಿ ಪೆಟ್ರೋಲು ಚಿಮ್ಮಿತು. ಪೆಟ್ರೋಲು ಬರುತ್ತಿಲ್ಲವೆಂಬ ಪಕ್ಷಗಳು ಅಲ್ಲಿಗೆ ಠೇವಣಿ ಕಳೆದುಕೊಂಡವು. ಬಳಿಕ ಪ್ಲಗ್ಗಿನ ವಾಯರು ಕಿತ್ತು, ಬೇರೊಂದು ಪ್ಲಗ್ಗು ಸಿಕ್ಕಿಸಿ, ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಸೆಲ್ಫ್ ಹೊಡೆಸಿದ. ಕಿಡಿ ಇಲ್ಲ. "ಕರೆಂಟ ಬರಾಕತ್ತಿಲ್ರಿ!" ಅಂದ. ತಣ್ಣಗಾದ ಮೇಲೆ ಮತ್ತೆ ನೋಡಿದರೆ ಚಟಚಟ ನೀಲಿ ಕಿಡಿ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಉಂಟೆಂದು ಊಹಿಸುವುದು ತರ್ಕಶಾಸ್ತ್ರದ ಹಳೆಯ ಉದಾಹರಣೆ. ನಮಗೆ ಬೆಂಕಿಯೇ ಇಲ್ಲವೆಂದು ತೋರಿಸಬೇಕಾಗಿ ಬಂತು.

ಅಪರಾಧಿ ಇಗ್ನಿಷನ್ ಕಾಯಿಲ್. ಬ್ಯಾಟರಿಯ 12 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸುವ ಈ ಡಬ್ಬಿಯ ಒಳಗೆ ಕೂದಲೆಳೆ ತಂತಿಯ ಸುತ್ತು. ಹಳತಾದಾಗ ಕಾವಿಗೆ ಒಳಗೆಲ್ಲೋ ಸಂಪರ್ಕ ಬಿಡುತ್ತದೆ, ತಣಿದಾಗ ಕೂಡುತ್ತದೆ. ಮಿಸ್ತ್ರಿ ಹೊಸದು ಹಾಕಿದ. ಅಂದಿನಿಂದ ಕಾರು ನಿಂತಿಲ್ಲ.

ಭಿಕ್ಷುವಿಗೆ ಮಾತ್ರ ಸಮಾಧಾನವಿಲ್ಲ. ಹೊಸ ಕಾಯಿಲ್ ಹಾಕುವಾಗ ವಾಯರುಗಳನ್ನೂ ಬಿಚ್ಚಿ ಬಿಗಿದಿದ್ದೀರಿ, ಗುಣವಾದದ್ದು ಯಾವುದರಿಂದ? ಹಳೆಯದನ್ನು ಮತ್ತೆ ಹಾಕಿದಾಗ ಕಾರು ಮತ್ತೆ ನಿಂತರೆ ಮಾತ್ರ ಹೇತು ಸಿದ್ಧ ಎಂದು ಅವರ ಪಟ್ಟು. ವಾದ ನೂರಕ್ಕೆ ನೂರು ಸರಿ. ಆದರೆ ನಾನು ಸಂಸಾರಿ. ಸತ್ಯಕ್ಕಿಂತ ಮೊದಲು ಹುಬ್ಬಳ್ಳಿ ಮುಟ್ಟಬೇಕು. ಹಳೆ ಕಾಯಿಲನ್ನು ಅವರ ಕೈಗೇ ಕೊಟ್ಟು, ಪೂರ್ವಪಕ್ಷ ಪೂರ್ತಿ ಒಪ್ಪಿದೆ ಎಂದು ಹೇಳಿ, ಕೀಲಿ ತಿರುಗಿಸಿದೆ.