ನಾಲ್ಕನೇ ಜ್ವರಕ್ಕೆ ಮುಂಚೆ

ಹಬ್ಬದ ಸಾಲಿನಲ್ಲಿ ಆರೋಗ್ಯ ಕಾಪಾಡಿಕೊಳ್ಳುವುದು ಹೇಗೆಂದು ಪತ್ರಿಕೆಗಳು ಪ್ರತಿ ವರ್ಷ ಆಹಾರ ತಜ್ಞರನ್ನು ಕೇಳುತ್ತವೆ. ಸಿಹಿ ಕಡಿಮೆ ಮಾಡಿ, ನೀರು ಹೆಚ್ಚು ಕುಡಿಯಿರಿ ಎಂದು ಅವರು ಹೇಳುತ್ತಾರೆ. ಓದುಗರು ಆ ಪತ್ರಿಕೆಯನ್ನೇ ಹಾಸಿ ಅದರ ಮೇಲೆ ಒಬ್ಬಟ್ಟು ಆರಲು ಹಾಕುತ್ತಾರೆ. ಅದಕ್ಕಿಂತ ತಿನ್ನುವುದನ್ನೇ ಕಸುಬು ಮಾಡಿಕೊಂಡವರನ್ನು ಕೇಳುವುದು ಲೇಸೆನಿಸಿ, ಶಿಡ್ಲಘಟ್ಟದ ಕಡೆಯ ಹುಳುಮನೆಯೊಂದರಲ್ಲಿ ನಾಲ್ಕನೇ ಜ್ವರಕ್ಕೆ ಇನ್ನೇನು ಕೂರಲಿದ್ದ ರೇಷ್ಮೆಹುಳುವನ್ನು ಮಾತಿಗೆಳೆಯಲಾಯಿತು. ಹುಳು ಪೊರೆ ಕಳಚುವ ಮುಂಚೆ ಹೆಚ್ಚುಕಡಿಮೆ ಒಂದು ದಿನ ಸೊಪ್ಪು ಮುಟ್ಟದೆ, ಅಲ್ಲಾಡದೆ ಇರುತ್ತದಲ್ಲ, ಅದಕ್ಕೆ ಇಲ್ಲಿನವರು ಜ್ವರ ಎನ್ನುತ್ತಾರೆ. ಥರ್ಮಾಮೀಟರಿಗೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಒಂದು ತಿಂಗಳೊಳಗೆ ಹತ್ತು ಸಾವಿರ ಪಟ್ಟು ತೂಕ ಏರಿಸಿಕೊಳ್ಳುವವರು ತಾವು. ಹಬ್ಬದಲ್ಲಿ ಮಿತವಾಗಿ ತಿನ್ನಿ ಎಂದು ಜನರಿಗೆ ಹೇಳಲು ತಮಗೆ ಯಾವ ಯೋಗ್ಯತೆ?

ಹುಳು: ಮಿತವಾಗಿ ತಿನ್ನಿ ಎಂದು ನಾನೆಲ್ಲಿ ಹೇಳಿದೆ? ತಿನ್ನುವಾಗ ತಿನ್ನಿ. ನನ್ನ ತಕರಾರು ನಿಮ್ಮ ಊಟ ಮುಗಿಯುವುದೇ ಇಲ್ಲ ಎಂಬುದು. ಮೊಟ್ಟೆ ಒಡೆದು ಬಂದಾಗಿನಿಂದ ನಾನು ಮೂರು ಸಲ ಜ್ವರಕ್ಕೆ ಕೂತೆದ್ದಿದ್ದೇನೆ, ನಾಲ್ಕನೆಯದು ಇವತ್ತು ಸಂಜೆಯೊಳಗೆ. ಆಗ ಸಾಕುವವರಿಗೆ ನನ್ನ ಮೇಲೆ ಎಷ್ಟೇ ಪ್ರೀತಿ ಇದ್ದರೂ ಒಂದು ಎಲೆ ಹಾಕುವುದಿಲ್ಲ. ಸುಣ್ಣದ ಪುಡಿ ಉದುರಿಸಿ ಹಾಸು ಒಣಗಿಸುತ್ತಾರೆ, ಬಹುಪಾಲು ಹುಳುಗಳು ಎದ್ದ ಮೇಲೆಯೇ ಮತ್ತೆ ಸೊಪ್ಪು. ನಿಮ್ಮಲ್ಲಿ ಗೌರಿ ಹಬ್ಬಕ್ಕೆ ಒಲೆಗೇರಿದ ಬಾಣಲೆ ಆಯುಧಪೂಜೆ, ದೀಪಾವಳಿ, ಹೊಸ ವರ್ಷದ ಕೇಕು, ಹಿತಕಿದಬೇಳೆ ಸಾರಿನ ದಿನಗಳು, ಸಂಕ್ರಾಂತಿಯ ಎಳ್ಳುಬೆಲ್ಲ ಎಲ್ಲವನ್ನೂ ದಾಟಿ ಯುಗಾದಿಯವರೆಗೂ ಕೆಳಗಿಳಿಯುವುದಿಲ್ಲ. ಒಂದೊಂದು ಹಬ್ಬವೂ ನಿರಪರಾಧಿಯೇ. ಎರಡು ಹಬ್ಬಗಳ ನಡುವಿನ ದಿನಗಳನ್ನು ತಿಂದುಹಾಕಿದ್ದು ಯಾರು ಎಂಬುದಷ್ಟೇ ನನ್ನ ಪ್ರಶ್ನೆ.

ಪ್ರಶ್ನೆ: ಇದಕ್ಕೆ ಪುರಾವೆ?

ಹುಳು: ಅಮೆರಿಕದಲ್ಲಿ 195 ವಯಸ್ಕರನ್ನು ನವೆಂಬರಿನಿಂದ ಜನವರಿವರೆಗಿನ ಹಬ್ಬದ ಕಾಲದಲ್ಲಿ ಮತ್ತೆ ಮತ್ತೆ ತೂಗಿ ನೋಡಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಏರಿದ್ದು ಸರಾಸರಿ 0.37 ಕಿಲೋ ಮಾತ್ರ. ತಾವು ಇದರ ಎಷ್ಟೋ ಪಟ್ಟು ಊದಿದ್ದೇವೆಂದು ಆ ಜನ ಭಾವಿಸಿದ್ದರು, ಪಶ್ಚಾತ್ತಾಪಕ್ಕೆ ತಕ್ಕಡಿ ಬೇಕಿಲ್ಲವಲ್ಲ. ಅಷ್ಟೇ ಆದರೆ ನಕ್ಕು ಬಿಡಬಹುದಿತ್ತು. ಆದರೆ ಏರಿದ ಆ ಚೂರು ಮುಂದಿನ ತಿಂಗಳುಗಳಲ್ಲಿ ಇಳಿಯಲಿಲ್ಲ. ವರ್ಷವಿಡೀ ಏರಿದ ತೂಕದಲ್ಲಿ ದೊಡ್ಡ ಪಾಲು ಆ ಕೆಲವು ವಾರಗಳದ್ದೇ. ಪ್ರತಿ ವರ್ಷ ಅಷ್ಟಷ್ಟೇ ಉಳಿಯುತ್ತ ಹೋದರೆ ಹತ್ತು ವರ್ಷಕ್ಕೆ ಸುಮಾರು ನಾಲ್ಕು ಕಿಲೋ, ಅಂದರೆ ಒಂದು ಒಳ್ಳೆಯ ಕುಂಬಳಕಾಯಿ. ಅದು ಅವರ ದೇಶದ ಕಥೆ ಎನ್ನುತ್ತೀರಾ? 2016ರಲ್ಲಿ ಅಮೆರಿಕ, ಜರ್ಮನಿ, ಜಪಾನುಗಳ ತೂಕವನ್ನು ಪಕ್ಕಪಕ್ಕ ಇಟ್ಟು ನೋಡಿದರು. ಜಪಾನಿನವರಿಗೆ ಏಪ್ರಿಲ್ ಕೊನೆಯ ಅವರದೇ ರಜೆಯಲ್ಲೂ ಮುಳ್ಳು ಮೇಲೇರಿತ್ತು. ತಿನಿಸು ಬೇರೆ, ದೇವರು ಬೇರೆ, ಮುಳ್ಳು ಹೋಗುವ ದಿಕ್ಕು ಒಂದೇ. ನಾನು ಬಿಗಿಯಾದ ಚರ್ಮವನ್ನು ಕಳಚಿ ಮುಂದೆ ಹೋಗುತ್ತೇನೆ. ನಿಮಗೆ ಆ ಸೌಲಭ್ಯ ಇಲ್ಲದ್ದರಿಂದ ಪ್ಯಾಂಟು ಬದಲಿಸುತ್ತೀರಿ.

ಪ್ರಶ್ನೆ: ನಮ್ಮ ಹಿರಿಯರೂ ಹಬ್ಬ ಮಾಡಿದವರೇ ಅಲ್ಲವೇ?

ಹುಳು: ಮಾಡಿದರು, ಎರಡು ಭಾಗಗಳನ್ನೂ ಇಟ್ಟುಕೊಂಡು. ನಿಮ್ಮ ಜಿಲ್ಲೆಯ ಬೆಟ್ಟವನ್ನೇ ನೋಡಿ. ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ, ನೆತ್ತಿಯಲ್ಲಿ ಯೋಗನಂದೀಶ್ವರ. ಶಿವರಾತ್ರಿಯ ತೇರು, ಜಾತ್ರೆ, ಗದ್ದಲ ಎಲ್ಲ ಕೆಳಗೆ. ಮೇಲಿನವನು ಸಂನ್ಯಾಸಿ, ಅವನಿಗೆ ಉತ್ಸವದ ಹಂಗಿಲ್ಲವೆಂದು ಹೇಳಿಕೆ. ನಡುವೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಭೋಗ ಬೇಡವೆಂದು ಯಾರೂ ಗುಡಿ ಮುಚ್ಚಲಿಲ್ಲ, ಎರಡನ್ನೂ ಕಟ್ಟಿ ಮಧ್ಯೆ ಹತ್ತುವ ಕೆಲಸ ಇಟ್ಟರು. 1927ರಲ್ಲಿ ಗಾಂಧೀಜಿ ಆರೋಗ್ಯ ಕೆಟ್ಟಾಗ ಸುಧಾರಿಸಿಕೊಳ್ಳಲು ಬಂದದ್ದೂ ಈ ಬೆಟ್ಟಕ್ಕೇ. ಈಗ ರಜೆ ಬಂತೆಂದರೆ ಬೆಂಗಳೂರಿನ ಕಾರುಗಳು ಬೆಳಗಿನ ಜಾವಕ್ಕೇ ಸಾಲುಗಟ್ಟುತ್ತವೆ. ಯೋಗದ ಬಾಗಿಲಿಗೆ ಕೂತೇ ತಲುಪಿ, ಮಂಜು ನೋಡಿ, ಬಜ್ಜಿ ತಿಂದು, ಕೂತೇ ಇಳಿಯುತ್ತಾರೆ. ಭೋಗವನ್ನು ನೆತ್ತಿಗೆ ಹೊತ್ತೊಯ್ದ ಮೇಲೆ ಪಾಪ, ಮೇಲಿನವನು ಎಲ್ಲಿಗೆ ಹೋಗಬೇಕು?

ಪ್ರಶ್ನೆ: ಹಳೆಯ ಕಾಲದ ಹಾಡು ಹಾಡುತ್ತಿದ್ದೀರಿ. ಆ ಕಾಲದಲ್ಲಿ ಒರಳುಕಲ್ಲಿನಲ್ಲಿ ಹೂರಣ ರುಬ್ಬಿದವಳು ಅಜ್ಜಿ, ಬಾಳೆಲೆಯ ಮುಂದೆ ಕೂತವನು ಅಜ್ಜ.

ಹುಳು: ಒಪ್ಪಿದೆ. ಒಂದು ದೇಹ ದುಡಿದು ಇನ್ನೊಂದು ದೇಹ ಉಂಡರೆ ಲೆಕ್ಕ ಸರಿಹೋಗುವುದಿಲ್ಲ. ನಾನು ಒರಳುಕಲ್ಲನ್ನು ವಾಪಸು ಕೇಳುತ್ತಿಲ್ಲ. ಹಬ್ಬದ ಮರುದಿನ ಮನೆಯಲ್ಲಿ ಎಲ್ಲರೂ, ಅಜ್ಜನೂ ಸೇರಿ, ಮುದ್ದೆ, ಸೊಪ್ಪಿನ ಸಾರಿಗೆ ಮರಳಲಿ, ಎಂದಿನ ನಡಿಗೆಗೆ ಮರಳಲಿ ಎನ್ನುತ್ತಿದ್ದೇನೆ. ಹಬ್ಬದ ದಿನ ನಿಯಮ ಪಾಲಿಸಲು ಹೋಗಿ ಸೋತು ನಾಚಿಕೊಳ್ಳುವುದಕ್ಕಿಂತ ಮರುದಿನ ಪಾಲಿಸುವುದು ಸುಲಭ, ಆವತ್ತು ನಂಟರು ನೋಡುತ್ತಿರುವುದಿಲ್ಲ.

ಪ್ರಶ್ನೆ: ನಿಮ್ಮ ಜ್ವರದಂಥ ಉಪವಾಸ ಎಲ್ಲರಿಗೂ ಆಗದು. ಐಸಿಎಂಆರ್‌ನ 2023ರ ವರದಿಯಂತೆ ದೇಶದ ವಯಸ್ಕರಲ್ಲಿ ಶೇ 11.4 ಮಂದಿಗೆ ಸಕ್ಕರೆ ಕಾಯಿಲೆ, ಇನ್ನೂ ಶೇ 15.3 ಮಂದಿ ಅದರ ಹೊಸ್ತಿಲಲ್ಲಿ.

ಹುಳು: ಅದು ನಿಜವಾದ ಆಕ್ಷೇಪ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಟ್ಟರೆ ಸಕ್ಕರೆ ಕುಸಿದು ಬೀಳಬಹುದು. ಅವರಿಗೆ ಜ್ವರವೆಂದರೆ ಖಾಲಿ ಹೊಟ್ಟೆಯಲ್ಲ, ಹೊತ್ತಿಗೆ ಸರಿಯಾದ ಎಂದಿನ ಊಟ. ಉಳಿದವರ ಉಪವಾಸದ ಸುದ್ದಿ ನನ್ನಿಂದ ಹೇಳಿಸಬೇಡಿ. ಏಕಾದಶಿಯಂದು ಅನ್ನ ಮುಟ್ಟದ ಕೆಲವರು ಅವಲಕ್ಕಿ, ಸಬ್ಬಕ್ಕಿ ವಡೆ, ಬಾಳೆಹಣ್ಣಿನ ರಸಾಯನ, ಗಟ್ಟಿ ಹಾಲು ಮುಗಿಸಿ ಏದುಸಿರು ಬಿಡುತ್ತಾರೆ. ಅಂಥ ಉಪವಾಸ ನಮ್ಮ ಕುಲದಲ್ಲಿ ಇಲ್ಲ.

ಪ್ರಶ್ನೆ: ಚಿಂತಾಮಣಿಯಲ್ಲಾಗಲಿ ಗೌರಿಬಿದನೂರಿನಲ್ಲಾಗಲಿ ನಂಟರ ಮನೆಗೆ ಹೋದವರು ಸಾಕೆಂದರೆ ಯಾರು ಕೇಳುತ್ತಾರೆ? ಕೈ ಅಡ್ಡ ಇಟ್ಟರೂ ಬೆರಳ ಸಂದಿಯಿಂದ ತುಪ್ಪ ಬೀಳುತ್ತದೆ.

ಹುಳು: ಇಲ್ಲಿ ಮಾತ್ರ ನಿಮ್ಮ ಮೇಲೆ ನನಗೆ ಕನಿಕರ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕಿದರೆ ಹಾಸು ಹಸಿಯಾಗುತ್ತದೆ, ಹುಳು ರೋಗಕ್ಕೆ ಬೀಳುತ್ತದೆ, ಬೆಳೆ ಕೈಕೊಡುತ್ತದೆ ಎಂಬುದು ಈ ತಾಲ್ಲೂಕಿನ ಪ್ರತಿ ಮನೆಗೂ ಗೊತ್ತು. ಹುಳುವಿನ ಹೊಟ್ಟೆಯ ಬಗ್ಗೆ ಇಷ್ಟು ಸೂಕ್ಷ್ಮ ತಿಳಿದ ಅದೇ ಕೈ ಅಳಿಯನ ಎಲೆಗೆ ಐದನೇ ಒಬ್ಬಟ್ಟು ಬಡಿಸುತ್ತದೆ. ಅಳಿಯನನ್ನು ಗೂಡಿನ ಮಾರುಕಟ್ಟೆಯಲ್ಲಿ ಕಿಲೋ ಲೆಕ್ಕದಲ್ಲಿ ಕೊಳ್ಳುವುದಿಲ್ಲ, ಅದೇ ಕಾರಣವಿರಬೇಕು.

ಪ್ರಶ್ನೆ: ಕೊನೆಗೆ ಕುದಿಯುವ ನೀರಿಗೆ ಬೀಳುವವರ ಆರೋಗ್ಯ ಸಲಹೆಯನ್ನು ಯಾರು ನಂಬಬೇಕು?

ಹುಳು: ನಂಬಬೇಡಿ, ಲೆಕ್ಕ ನೋಡಿ. ಈ ಜ್ವರದಿಂದ ಎದ್ದ ಮೇಲೆ ನನಗಿರುವುದು ಒಂದು ವಾರ. ಜೀವಮಾನದ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚನ್ನು ಆಗಲೇ ತಿನ್ನುತ್ತೇನೆ. ಇಡೀ ಹುಳುಮನೆ ಸೋನೆಮಳೆ ಹಿಡಿದಂತೆ ಸದ್ದು ಮಾಡುತ್ತದೆ, ಆಗ ಬಂದರೆ ನಿಮಗೆ ಒಂದು ಮಾತೂ ಸಿಗದು. ಆಮೇಲೆ ಹಣ್ಣಾಗಿ, ಗೂಡು ಕಟ್ಟುವ ಚಂದ್ರಂಕಿ ಏರಿ, ತಿಂದದ್ದನ್ನು ನೂಲಾಗಿ ಒಪ್ಪಿಸುತ್ತೇನೆ. ಗೂಡು ಕೊರೆದು ಚಿಟ್ಟೆಯಾಗಿ ಬಂದ ಅದೃಷ್ಟವಂತರಿಗೂ ಮತ್ತೆ ಊಟವಿಲ್ಲ, ಅವರ ಬಾಯಿ ತಿನ್ನಲು ಬಾರದು. ನೀವು ತಿಂದದ್ದು ಎಲ್ಲಿ ಜಮೆಯಾಗುತ್ತದೆ ಎಂದು...

ಮಾತು ಅಲ್ಲಿಗೇ ನಿಂತಿತು. ಹುಳು ತಲೆ ಎತ್ತಿ ಅಲ್ಲಾಡದಾಯಿತು. ಒಬ್ಬಟ್ಟಿನ ಸಾರು ಮರುದಿನವೇ ಹೆಚ್ಚು ರುಚಿ ಎಂಬ ಆಕ್ಷೇಪವನ್ನು ಕೇಳುವುದು ಬಾಕಿಯಿತ್ತು. ಮನೆಯೊಡತಿ ಸುಣ್ಣದ ಪುಡಿಯ ಜರಡಿ ಹಿಡಿದು ಬಂದರು. ಒಳಗೆ ಯಾರೋ ನಿನ್ನೆಯ ಒಬ್ಬಟ್ಟನ್ನು ಕಾವಲಿಯ ಮೇಲೆ ತುಪ್ಪ ಹಾಕಿ ಬಿಸಿ ಮಾಡುತ್ತಿದ್ದ ಘಮ ಹುಳುಮನೆಯವರೆಗೂ ಬಂತು.