ಅಮ್ಮನ ಮಂಡಿಯೂ ಹಿಂದಿನ ಸೀಟೂ

ನಮ್ಮ ಮನೆಗೂ ಪಕ್ಕದ ಮೇಷ್ಟ್ರ ಮನೆಗೂ ನಡುವೆ ಎದೆಮಟ್ಟದ ದಾಸವಾಳದ ಬೇಲಿಯಿದೆ. ಬೆಳಿಗ್ಗೆ ಆರೂವರೆಗೆ ಆ ಕಡೆಯ ಹೂವನ್ನು ಅವರು ಬಿಡಿಸುತ್ತಾರೆ, ಈ ಕಡೆಯದನ್ನು ನಾನು. ಮೈಸೂರಿನ ಚಳಿ, ಬಿಸಿಲು, ಹಾಲಿನ ರೇಟು ಎಲ್ಲಾ ಆ ಹದಿನೈದು ನಿಮಿಷದಲ್ಲಿ ಬಂದುಹೋಗುತ್ತವೆ. ಮೊನ್ನೆ ಮೇಷ್ಟ್ರು ಹೂಬುಟ್ಟಿಯ ಜೊತೆ ನಾಲ್ಕು ಬ್ರೋಷರುಗಳನ್ನೂ ಹಿಡಿದು ಬಂದರು.

"ಮಗ ಎಸ್‌ಯುವಿನೇ ತಗೊಳ್ಳೋಣ ಅಂತಾನೆ ಸಾರ್. ಇವುಗಳಲ್ಲಿ ಜಾಗ ಯಾವುದರಲ್ಲಿ ಜಾಸ್ತಿ, ಒಸಿ ನೋಡಿ ಹೇಳಿ."

"ಹಿಂದೆ ಕೂರೋರು ಯಾರು ಮೇಷ್ಟ್ರೇ?"

"ಅಮ್ಮ, ನಮ್ಮನೆಯವರು, ಮೊಮ್ಮಗಳು."

ಅವರ ತಾಯಿಗೆ ಎಂಬತ್ತೆರಡು. ಎರಡೂ ಮಂಡಿ ಸವೆದಿವೆ. ಆದರೂ ವರ್ಷಕ್ಕೊಂದು ಸಲ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿ ಬರದಿದ್ದರೆ ಆಕೆಗೆ ಸಮಾಧಾನವಿಲ್ಲ. ಮಡಿಕೇರಿ ದಾಟಿ, ಸಂಪಾಜೆ ಘಾಟಿ ಇಳಿದು, ಸುಳ್ಯದ ಮೇಲೆ ಹೋಗುವ ದಾರಿ; ನಿಲ್ಲಿಸಿಕೊಂಡು ಹೋದರೆ ಐದು ಗಂಟೆ. ಹಾಗಾಗಿ ಈ ಕಾರು ತೆಗೆಯುವುದು ಮಗನ ಹೆಸರಿನಲ್ಲಾದರೂ ಕೂರುವ ಕಷ್ಟಸುಖವೆಲ್ಲ ಅಮ್ಮನದು.

ಮೇಷ್ಟ್ರು ಬ್ರೋಷರುಗಳಲ್ಲಿ ವ್ಹೀಲ್‌ಬೇಸ್ ಅಂಕಿಗಳಿಗೆಲ್ಲ ಪೆನ್ಸಿಲ್ ಗೆರೆ ಹಾಕಿದ್ದರು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ದೂರ ಹೆಚ್ಚಿದ್ದರೆ ಒಳಗಿನ ಜಾಗವೂ ಹೆಚ್ಚು ಅನ್ನುವುದು ಅವರ ಲೆಕ್ಕ. ಅರ್ಧ ಸರಿ ಅಷ್ಟೇ. ಬೊಲೆರೊ ವ್ಹೀಲ್‌ಬೇಸ್ 2680 ಮಿ.ಮೀ., ಕ್ರೆಟಾದ್ದು 2610. ಆ ಲೆಕ್ಕದಲ್ಲಿ ಬೊಲೆರೊದಲ್ಲೇ ಕಾಲು ಚಾಚಿ ಕೂರಬೇಕಿತ್ತು. ಆದರೆ ಬೊಲೆರೊ ಎಂಜಿನ್ ಮೂತಿಯೊಳಗೆ ಉದ್ದುದ್ದಕ್ಕೆ ಮಲಗಿದೆ, ಅದರ ಹಿಂದೆ ಗೇರ್‌ಬಾಕ್ಸು. ಚಕ್ರಗಳ ನಡುವಿನ ಜಾಗದಲ್ಲಿ ಒಂದು ಪಾಲನ್ನು ಅವೇ ತಿನ್ನುತ್ತವೆ. ಕ್ರೆಟಾದಲ್ಲಿ ಎಂಜಿನ್ ಅಡ್ಡಲಾಗಿ ಕೂತಿದೆ, ಮುಂದಿನ ಚಕ್ರಗಳೇ ಗಾಡಿಯನ್ನು ಎಳೆಯುತ್ತವೆ. ಉಳಿದ ಜಾಗ ಕೂರುವವರ ಮಂಡಿಗೆ.

"ಹಾಗಾದ್ರೆ ಎತ್ತರ ನೋಡೋಣ್ವಾ?" ಅಂದರು ಮೇಷ್ಟ್ರು.

ಅಲ್ಲೇ ಇರುವುದು ವಿಷಯ. ಸ್ಕಾರ್ಪಿಯೊ-ಎನ್, ಎಕ್ಸ್‌ಯುವಿ 700 ಎರಡೂ ಒಂದೇ ಕಂಪನಿಯವು, ಎರಡರ ವ್ಹೀಲ್‌ಬೇಸೂ 2750 ಮಿ.ಮೀ. ಎತ್ತರದಲ್ಲಿ ಮಾತ್ರ ಸ್ಕಾರ್ಪಿಯೊ ಸುಮಾರು ಹತ್ತು ಸೆಂಟಿಮೀಟರ್ ಹೆಚ್ಚು. ಆ ಹತ್ತೂ ತಲೆಯ ಮೇಲೆ ಸಿಗುವುದಿಲ್ಲ. ಸ್ಕಾರ್ಪಿಯೊ ಕೆಳಗೆ ಲಾರಿಯಂತೆ ಏಣಿಯಾಕಾರದ ಚಾಸಿಯಿದೆ. ಬಾಡಿ ಅದರ ಮೇಲೆ ಕೂರುತ್ತದೆ, ಆದ್ದರಿಂದ ಕಾಲಿಡುವ ನೆಲವೂ ಮೇಲಕ್ಕೇರುತ್ತದೆ. ಕಲ್ಲುಮುಳ್ಳಿನ ತೋಟದ ದಾರಿಗೆ ಅದೇ ಸರಿ. ಎಕ್ಸ್‌ಯುವಿಯಲ್ಲಿ ಬಾಡಿ, ಚಾಸಿ ಎಲ್ಲ ಒಂದೇ ಎರಕದಂತೆ ಸೇರಿಕೊಂಡಿರುವುದರಿಂದ ನೆಲ ತಗ್ಗಿನಲ್ಲಿರುತ್ತದೆ.

ನೆಲ ಮೇಲೆದ್ದು ಸೀಟು ಅಷ್ಟೇ ಪ್ರಮಾಣದಲ್ಲಿ ಮೇಲೇಳದಿದ್ದರೆ ಏನಾಗುತ್ತದೆ? ಮಂಡಿ ಎದೆಯ ಕಡೆಗೆ ಬರುತ್ತದೆ, ತೊಡೆ ಸೀಟಿಗೆ ತಾಗದೆ ಗಾಳಿಯಲ್ಲಿ ನಿಲ್ಲುತ್ತದೆ, ಮೈಭಾರವೆಲ್ಲ ಸೊಂಟದ ಮೇಲೆ ಬೀಳುತ್ತದೆ. ಕೊನೆ ಸಾಲಿನಲ್ಲಿ ಇದು ಇನ್ನೂ ಜಾಸ್ತಿ, ಯಾಕೆಂದರೆ ಆ ಸೀಟು ಇರುವುದೇ ಹಿಂದಿನ ಆಕ್ಸಲ್ ಮೇಲೆ.

ನಮ್ಮಮ್ಮನನ್ನು ಹೀಗೆ ಒಂದು ಸಲ ಕರೆದುಕೊಂಡು ಹೋಗಿದ್ದೇನೆ. ಬಾಡಿಗೆಗೆ ತಂದ ದೊಡ್ಡ ಗಾಡಿ, ಏಳು ಜನ. "ಕೊನೆ ಸಾಲೇ ಸಾಕು, ನಾನು ಸಣ್ಣಗಿದ್ದೀನಿ" ಅಂದಳು, ನಾವು ಒಪ್ಪಿಬಿಟ್ಟೆವು. ಹಾಸನ ಬರುವಷ್ಟರಲ್ಲಿ ಮಾತು ನಿಂತಿತ್ತು. ಧರ್ಮಸ್ಥಳದಲ್ಲಿ ಇಬ್ಬರು ಹಿಡಿದು ಇಳಿಸಬೇಕಾಯಿತು, ಮಾರನೆಯ ದಿನ ದೇವರ ಮುಂದೆ ನಿಲ್ಲಲು ಆಕೆಗೆ ಆಗಲಿಲ್ಲ. ವಾಪಸು ಬಂದ ಮೇಲೆ ಆ ಸೀಟನ್ನು ಗೇಣು ಹಾಕಿ ಅಳೆದೆ. ಕಾಲಿಡುವ ನೆಲದಿಂದ ಸೀಟಿನ ಅಂಚಿಗೆ ಗೇಣಿಗಿಂತ ಸ್ವಲ್ಪವೇ ಮೇಲೆ. ನಮ್ಮ ಊಟದ ಮೇಜಿನ ಕುರ್ಚಿ ಎರಡು ಗೇಣು ಇದೆ. ಅಮ್ಮ ಈಗಿಲ್ಲ. ಆ ಪ್ರಯಾಣ ನೆನಪಾದಾಗಲೆಲ್ಲ ಹೊಟ್ಟೆ ಕಿವುಚಿದಂತಾಗುತ್ತದೆ.

ಅದನ್ನು ಹೇಳಿದ ಮೇಲೆ ಮೇಷ್ಟ್ರು ಹೂ ಬಿಡಿಸುವುದನ್ನು ನಿಲ್ಲಿಸಿದರು.

"ಶೋರೂಮಲ್ಲಿ ಏನು ನೋಡಬೇಕು, ಅದನ್ನ ಹೇಳಿ."

ಮೊದಲು ಮಗ ಸ್ಟಿಯರಿಂಗ್ ಮುಂದೆ ಕೂತು ಸೀಟನ್ನು ತನಗೆ ಬೇಕಾದಷ್ಟು ಹಿಂದಕ್ಕೆ ಸರಿಸಿಕೊಳ್ಳಲಿ ಅಂದೆ. ನಿಲ್ಲಿಸಿಟ್ಟ ಕಾರಿನಲ್ಲಿ ಮುಂದಿನ ಸೀಟು ಪೂರ್ತಿ ಮುಂದಕ್ಕೆ ಹೋಗಿದ್ದರೆ ಹಿಂದೆ ಅರಮನೆಯಷ್ಟು ಜಾಗ ಕಾಣುತ್ತದೆ. ಆಮೇಲೆ ಅಮ್ಮ ಅವನ ಹಿಂದೆ ಕೂರಬೇಕು, ಹತ್ತು ನಿಮಿಷ ಅಲ್ಲ, ಅರ್ಧ ಗಂಟೆ. ಪಾದ ನೆಲಕ್ಕೆ ಪೂರ್ತಿ ಊರಿದೆಯಾ, ತೊಡೆಯ ಕೆಳಗೆ ಅಂಗೈ ತೂರಿಸಿದರೆ ಸಲೀಸಾಗಿ ಹೋಗುತ್ತದಾ ನೋಡಿ. ಹೋದರೆ ಆ ಸೀಟು ಬೇಡ. ಸೋಫಾದಂತೆ ಮೆತ್ತಗೆ ಕುಸಿಯುವ ಸೀಟಿಗೆ ಮರುಳಾಗಬೇಡಿ. ಘಾಟಿಯ ತಿರುವಿನಲ್ಲಿ ಸೊಂಟವನ್ನು ಹಿಡಿದಿಡುವುದು ಸ್ವಲ್ಪ ಗಟ್ಟಿ ಸೀಟೇ. ದೊಡ್ಡ ಸನ್‌ರೂಫ್ ಇದ್ದರೆ ಅದರ ಚೌಕಟ್ಟು ತಲೆಯ ಮೇಲಿನ ಜಾಗವನ್ನು ಸ್ವಲ್ಪ ಕದಿಯುತ್ತದೆ, ಮಗ ಎತ್ತರದ ಆಳು. ಇನ್ನು ಹತ್ತುವುದು, ಇಳಿಯುವುದು. ಸೀಟಿನ ಅಂಚು ಅಮ್ಮನ ಸೊಂಟದ ಮಟ್ಟಕ್ಕಿದ್ದರೆ ಹಿಂದುಮುಂದಾಗಿ ಕೂತು ಕಾಲು ಒಳಗೆ ತೆಗೆದುಕೊಂಡರಾಯಿತು. ಅದಕ್ಕಿಂತ ಮೇಲಿದ್ದರೆ ಪ್ರತಿಸಲವೂ ಯಾರಾದರೂ ಎತ್ತಬೇಕು. ಬಾಗಿಲ ಮೇಲೆ ಹಿಡಿಯಿದೆಯಾ ಅಂತಲೂ ನೋಡಿ.

ಬ್ರೋಷರುಗಳಲ್ಲಿ ಎರಡು ಚಿಕ್ಕ ಎಸ್‌ಯುವಿಗಳವು. ಅವುಗಳ ಉದ್ದ 3995 ಮಿ.ಮೀ., ನಾಲ್ಕು ಮೀಟರಿಗೆ ಐದೇ ಮಿಲಿಮೀಟರ್ ಕಡಿಮೆ. ಅದು ತೆರಿಗೆಯ ಗೆರೆ: ಉದ್ದ ನಾಲ್ಕು ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ ಒಳಗೆ, ಡೀಸೆಲ್ 1500 ಸಿಸಿ ಒಳಗೆ. 2025ರ ಸೆಪ್ಟೆಂಬರ್ 22ರಿಂದ ಆ ಗೆರೆಯೊಳಗಿದ್ದರೆ ಜಿಎಸ್‌ಟಿ ಶೇ. 18, ದಾಟಿದರೆ ಶೇ. 40. ನಾಲ್ಕು ಜನಕ್ಕೆ ಅವು ಚೆನ್ನಾಗಿವೆ. ಹಿಂದೆ ಮೂವರು ಹೆಗಲಿಗೆ ಹೆಗಲು ತಾಗಿಸಿ ಐದು ಗಂಟೆ ಕೂರಲು ಮಾತ್ರ ನಾನು ಹೇಳಲಾರೆ.

"ಇನ್ನೋವಾ ಹೇಗೆ?" ಅಂದರು. ಎಸ್‌ಯುವಿ ಅಲ್ಲ ಅಂತ ಮಗ ಬೇಡವೆಂದಿದ್ದಾನಂತೆ. ಬಿಡದಿಯಲ್ಲಿ ತಯಾರಾಗುವ ಗಾಡಿ, 2005ರಿಂದ ನಮ್ಮ ಟ್ಯಾಕ್ಸಿಯವರ ಮೊದಲ ಆಯ್ಕೆ. ಅದರ ಮಧ್ಯದ ಸಾಲಿನಲ್ಲಿ ವಯಸ್ಸಾದವರು ಬೆಂಗಳೂರಿಂದ ಮಂತ್ರಾಲಯದವರೆಗೂ ಹಾಯಾಗಿ ಹೋಗಿ ಬಂದಿದ್ದಾರೆ. ಹೊಸ ಹೈಕ್ರಾಸ್ ಆ ಏಣಿ ಚಾಸಿಯನ್ನು ಬಿಟ್ಟಿದೆ, ವ್ಹೀಲ್‌ಬೇಸ್ 2750ರಿಂದ 2850 ಮಿ.ಮೀ.ಗೆ ಬೆಳೆದಿದೆ. ಬೆಲೆ ಹೊಂದುವುದಾದರೆ ಅಮ್ಮನಿಗೆ ಅದೇ ಸರಿ ಅಂತ ನನ್ನ ತೀರ್ಮಾನ.

ಮೇಷ್ಟ್ರು ಭಾನುವಾರ ಅಮ್ಮನನ್ನು ಕರೆದುಕೊಂಡು ಹೋಗುತ್ತಾರೆ. ಟೇಪು ನಾನು ಕೊಟ್ಟಿದ್ದೇನೆ.

ಕಾರು ಮಾಡುವವರಲ್ಲಿ ಒಂದೇ ಒಂದು ಬೇಡಿಕೆ. ಕಾರಿನ ಹೊಟ್ಟೆಗೂ ರಸ್ತೆಗೂ ನಡುವಿನ ಅಂತರವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತೀರಿ. ಅದರ ಪಕ್ಕದಲ್ಲೇ, ಪ್ರತಿ ಸಾಲಿನಲ್ಲೂ ಕಾಲಿಡುವ ನೆಲದಿಂದ ಸೀಟಿಗೆ ಎಷ್ಟು ಸೆಂಟಿಮೀಟರ್ ಅನ್ನುವುದನ್ನೂ ದಯವಿಟ್ಟು ಅಚ್ಚು ಹಾಕಿ.