ಇಬ್ಬರಿಗೊಂದೇ ಪುಸ್ತಕ

ಮಕ್ಕಳ ಪುಸ್ತಕಕ್ಕೆ ದುಡ್ಡು ಕೊಡುವುದು ಅಪ್ಪ, ಓದಿ ಹೇಳುವುದು ಅಮ್ಮ, ರಟ್ಟು ಕೀಳುವುದು ಮಗು. ಬರೆಯುವವರು ಮೂವರನ್ನೂ ಮೆಚ್ಚಿಸಬೇಕು. ಹಾಗಂತ ಕೊನೆಯ ಪುಟದಲ್ಲಿ ‘ಆದ್ದರಿಂದ ಮಕ್ಕಳೇ’ ಎಂದು ಶುರುಮಾಡಿದಿರೋ, ಮಗು ಆಕಳಿಸುತ್ತದೆ. ಅಪ್ಪ ಅಷ್ಟರಲ್ಲಿ ಗೊರಕೆಯಲ್ಲಿರುತ್ತಾನೆ.

ನಿಜವಾದ ಪರೀಕ್ಷೆ ಮರುದಿನ ರಾತ್ರಿ. ಮಗುವಿಗೆ ಹೊಸ ಕಥೆ ಬೇಡ, ನಿನ್ನೆಯದ್ದೇ ಬೇಕು. ನಿದ್ದೆಗಣ್ಣಿನ ಅಮ್ಮ ಮೆಲ್ಲಗೆ ಎರಡು ಹಾಳೆ ಒಟ್ಟಿಗೆ ಮಗುಚಿದರೆ ಅಕ್ಷರ ಬಾರದ ಮಗುವೂ ಕೈ ಹಿಡಿದು ಕೇಳುತ್ತದೆ: “ಕರಡಿ ಎಲ್ಲಿ ಹೋಯ್ತು?” ಬಸ್ಸಿನ ಚೆಕಿಂಗ್ ಇನ್‌ಸ್ಪೆಕ್ಟರೂ ಇಷ್ಟು ಚುರುಕಾಗಿ ಹಿಡಿಯಲಾರ.

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ನೋಡಿ. ಇಂಗ್ಲಿಷ್ ಕವಿ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ, ಜರ್ಮನಿಯ ಹ್ಯಾಮಲಿನ್ ಊರಿನ ಕಥೆ ತುಂಗಾತೀರಕ್ಕೆ ಬಂದು ನಮ್ಮದೇ ಆಯಿತು. ಇಲಿಗಳ ದಂಡು ಮಕ್ಕಳ ಪಾಲು. ಇಲಿ ಓಡಿಸುವ ಕೆಲಸ ಮುಗಿದ ಮೇಲೆ ಜೋಗಿಗೆ ಕೊಟ್ಟ ಮಾತು ನುಂಗುವ ಗೌಡ ದೊಡ್ಡವರ ಪಾಲು. ಬಾಡಿಗೆ ಮನೆಯ ಅಡ್ವಾನ್ಸ್ ವಾಪಸ್ ಬಾರದವರು ಆ ಭಾಗ ಬಂದಾಗ ದನಿ ಏರಿಸಿಯೇ ಓದುತ್ತಾರೆ!

ಪದ ಕಡಿಮೆಯಾದರೆ ಕೆಲಸ ಸಲೀಸು ಅಂದುಕೊಳ್ಳಬೇಡಿ. ಅಮೆರಿಕದ ಡಾ. ಸ್ಯೂಸ್ ಪ್ರಕಾಶಕರೊಡನೆ ಬಾಜಿ ಕಟ್ಟಿ, ಬರೀ 50 ಬೇರೆ ಬೇರೆ ಪದಗಳಲ್ಲಿ ‘ಗ್ರೀನ್ ಎಗ್ಸ್ ಆಂಡ್ ಹ್ಯಾಮ್’ ಬರೆದರು; ಅದು 1960ರಲ್ಲಿ ಬಂತು. ನಮ್ಮಲ್ಲಿ ಕೆಲವರ ಮುನ್ನುಡಿಯ ಮೊದಲ ವಾಕ್ಯಕ್ಕೇ ಅಷ್ಟು ಪದ ಸಾಲದು.

ಬರೆಯುವ ಆಸೆಯುಳ್ಳವರೇ, ನಿಮ್ಮ ಕಥೆಯನ್ನು ಹತ್ತು ರಾತ್ರಿ ಗಟ್ಟಿಯಾಗಿ ಓದಿ ನೋಡಿ. ಹನ್ನೊಂದನೆಯ ರಾತ್ರಿಯೂ ನಿಮಗೆ ನಗು ಬಂದರೆ ಮಾತ್ರ ಅಚ್ಚಿಗೆ ಕಳಿಸಿ.